ಎಡಗೈ ಗಂಟು

ದಾಂಗ್ ಶೌಚಂಗನ ಮಗಳು ತೀರಿಕೊಂಡದ್ದು ದಾಗ್ವಾನ್ ಶಕೆಯ ಮೂರನೆಯ ವರ್ಷದ ವಸಂತದಲ್ಲಿ. ಅವಳಿಗೆ ಹತ್ತೊಂಬತ್ತು ವರ್ಷ. ಕೆಮ್ಮು ಶುರುವಾದ ಇಪ್ಪತ್ತಾರನೆಯ ದಿನ ಹೋದಳು. ಹೆಸರು ವೂನ್ಯಾಂಗ್, ಅಂದರೆ ಐದನೆಯವಳು. ದೊಡ್ಡಪ್ಪ ಚಿಕ್ಕಪ್ಪಂದಿರ ಮಕ್ಕಳನ್ನೆಲ್ಲ ಸೇರಿಸಿ ಎಣಿಸಿದರೆ ಅವಳು ಐದನೆಯವಳು. ಶೌಚಂಗನಿಗೆ ಮಾತ್ರ ಅವಳೊಬ್ಬಳೇ.

ಮದುವೆಯಾಗದ ಹೆಣ್ಣನ್ನು ತವರಿನ ಹಿರಿಯರ ಪಕ್ಕ ಹೂಳುವುದಿಲ್ಲ. ಗಂಡನ ಮನೆಯಿಲ್ಲದವಳಿಗೆ ಗಂಡನ ಮನೆಯ ಸ್ಮಶಾನವೂ ಇಲ್ಲ. ಹಾಗಾಗಿ ಅವಳನ್ನು ಆವಿಗೆಗಳ ಹಿಂದೆ, ಒಡೆದ ಮಡಕೆಚೂರು ಸುರಿಯುವ ದಿಬ್ಬದ ಬುಡದಲ್ಲಿ ತಾತ್ಕಾಲಿಕವಾಗಿ ಹೂತರು. ಮೇಲೆ ನಾಲ್ಕು ಇಟ್ಟಿಗೆ ಇಟ್ಟರು. ನಮ್ಮ ಈ ಕುಂಬಾರರ ಊರು ಹುವಾಂಗ್‌ಬಾವ್‌ನಲ್ಲಿ ಚೂರು ಸುರಿಯುವುದು ದಿನಾ ನಡೆಯುವ ಕೆಲಸ. ಆರನೆಯ ತಿಂಗಳ ಹೊತ್ತಿಗೆ ದಿಬ್ಬದ ಅಂಚು ಆ ಇಟ್ಟಿಗೆಗಳಿಗೆ ಎರಡು ಮೊಳದಷ್ಟು ಹತ್ತಿರ ಬಂದಿತ್ತು.

ನಾನು ಆ ಮನೆಯ ಪಕ್ಕದ ಗೋಡೆಯವನು. ಹೆಸರು ಶಿಂಗ್. ಹುಟ್ಟೂರು ಹೆಬೇಯಿ ಕಡೆಯ ಚೂಯಾಂಗ್. ಅಲ್ಲಿ ಬಟ್ಟಲಿಗೆ ಅಚ್ಚು ಮಾಡುವ ಕಸುಬು ಕಲಿತು, ಇಲ್ಲಿನ ಆವಿಗೆಗಳ ಒಡೆಯ ಲೇಯಿ ಯಜಮಾನ ಕರೆಸಿದ್ದಕ್ಕೆ ಈ ಊರಿಗೆ ಬಂದು ಆಗ ಆರು ವರ್ಷವಾಗಿತ್ತು. ಇಲ್ಲಿಯವರು ಕತ್ತಿಯಲ್ಲಿ ಕೆತ್ತುವವರು. ಹಸಿ ಬಟ್ಟಲು ಅರ್ಧ ಒಣಗಿ ಚರ್ಮದ ಹದಕ್ಕೆ ಬಂದಾಗ ಕತ್ತಿಯನ್ನು ಓರೆ ಹಿಡಿದು ಒಳಮೈಗೆ ಹೂ ಕೆತ್ತುತ್ತಾರೆ. ಗೆರೆಯ ಒಂದು ಬದಿ ಆಳ, ಇನ್ನೊಂದು ಬದಿ ಇಳಿಜಾರು. ಮೇಲೆ ಹಸಿರು ಮೆರುಗು ಹಾಕಿ ಸುಟ್ಟಾಗ ಆಳದ ಕಡೆ ಮೆರುಗು ಗಟ್ಟಿಯಾಗಿ ನಿಂತು ಕಪ್ಪಗಾಗುತ್ತದೆ, ಇಳಿಜಾರಿನ ಕಡೆ ತಿಳಿಯಾಗುತ್ತದೆ. ಕೆತ್ತನೆ ಚಪ್ಪರದ ಹನ್ನೊಂದು ಜನ ನನ್ನನ್ನು ಕರೆಯುತ್ತಿದ್ದದ್ದು ಹೆಬೇಯಿ ಹೆಬ್ಬೆರಳು ಅಂತ. "ಕತ್ತಿ ಹಿಡಿಯೋಕೆ ಬರದವನು ಹೆಬ್ಬೆರಳಲ್ಲಿ ಒತ್ತುತಾನೆ" ಎಂಬುದು ಅವರ ನಗೆ.

ವೂನ್ಯಾಂಗ್ ಎಡಗೈಯವಳು. ಹೀಗಾಗಿ ಅವಳ ಗೆರೆಗಳ ಆಳ ಬೇರೆಯವರಿಗೆ ವಿರುದ್ಧ ದಿಕ್ಕಿನಲ್ಲಿರುತ್ತಿತ್ತು. ಅವಳು ಕೊನೆಗೆ ಕೆತ್ತಿದ್ದು ಮೂರು ದಂಟಿನ ಕಮಲದ ಕಟ್ಟು. ಒಂದು ಹೂ, ಒಂದು ಎಲೆ, ಒಂದು ಕಾಯಿ, ಮೂರಕ್ಕೂ ಸೇರಿಸಿ ಒಂದು ದಾರ. ಇಲ್ಲಿ ಎಲ್ಲರೂ ಅದನ್ನು ಕೆತ್ತುತ್ತಾರೆ. ಆದರೆ ಇವಳ ದಾರದ ಗಂಟು ಎಡಗೈಯವರು ಸೊಂಟದ ಬಟ್ಟೆಗೆ ಹಾಕಿಕೊಳ್ಳುವ ಗಂಟು. ಕುಣಿಕೆ ಬಲಕ್ಕೆ ಬಿದ್ದಿರುತ್ತದೆ. ಆ ಬಟ್ಟಲು ಮೊದಲ ಸುಡುವಿಕೆ ಮುಗಿಸಿ, ಮೆರುಗಿಗೆ ಕಾದು ಕುಳಿತಿದ್ದಾಗ ಅವಳು ಹಾಸಿಗೆ ಹಿಡಿದಳು. ಶೌಚಂಗ ಯಜಮಾನನನ್ನು ಕೇಳಿ ಅದನ್ನು ಮನೆಗೆ ತಂದಿಟ್ಟುಕೊಂಡ.

ಏಳನೆಯ ತಿಂಗಳಲ್ಲಿ ಸೂನ್ ಅಜ್ಜಿ ಬಂದಳು. ಸತ್ತವರಿಗೆ ಮದುವೆ ಕುದುರಿಸುವುದು ಅವಳ ಕಸುಬು. ಹುಡುಗಿ ಸತ್ತು ನೂರು ದಿನ ಕಳೆಯುವವರೆಗೆ ಅವಳು ಯಾರ ಮನೆಯ ಹೊಸ್ತಿಲೂ ತುಳಿಯುವುದಿಲ್ಲ. ಆ ದಿನ ನಾನು ಶೌಚಂಗನ ಅಂಗಳದಲ್ಲೇ ನವಣೆ ಗಂಜಿ ಕುಡಿಯುತ್ತಿದ್ದೆ.

"ಗಂಡು ಒಳ್ಳೇದು ಕಣಯ್ಯಾ," ಅಂದಳು ಅಜ್ಜಿ. "ಮೇಲೂರಿನ ಕೌ ಮನೆಯವನು. ಇಪ್ಪತ್ತೆರಡು. ಕಲ್ಲಿದ್ದಲ ಗಣಿ ಕುಸಿದು ಹೋದ. ಕುಡಿಯಲ್ಲ, ಜೂಜಾಡಲ್ಲ."

"ಈಗಂತೂ ಆಡಲ್ಲ ಬಿಡಿ," ಅಂದೆ ನಾನು.

"ನೀನು ಸುಮ್ನೆ ಗಂಜಿ ಕುಡಿ, ಹೆಬ್ಬೆರಳೇ. ಬದುಕಿರೋ ಗಂಡುಗಳಿಗಿಂತ ನನ್ನ ಗಂಡುಗಳು ಮೇಲು. ಇಷ್ಟು ವರ್ಷದಲ್ಲಿ ಒಬ್ಬಳೂ ತವರಿಗೆ ವಾಪಸ್ ಬಂದಿಲ್ಲ."

ಶೌಚಂಗನ ಹೆಂಡತಿ ಹುಯಿ ನಗಲಿಲ್ಲ. "ಅವಳನ್ನ ಅವರ ಹಿರಿಯರ ಜಾಗದಲ್ಲೇ ಇಡ್ತಾರಾ?"

"ಮಗನ ಪಕ್ಕದಲ್ಲೇ. ವರ್ಷ ವರ್ಷ ಎಡೆ ಇಡ್ತಾರೆ, ಕಾಗದದ ಬಟ್ಟೆ ಸುಡ್ತಾರೆ. ಒಂದು ಮಾತು ಮಾತ್ರ. ಕೌ ಮನೆಯಲ್ಲಿ ಒಂದು ಪದ್ಧತಿ ಇದೆ. ಗಂಡಿನದೊಂದು ಬಟ್ಟಲು, ಹೆಣ್ಣಿನದೊಂದು ಬಟ್ಟಲು, ಕಾಳು ತುಂಬಿ ಬಾಯಿಗೆ ಬಾಯಿ ಕೂಡಿಸಿ, ಕೆಂಪು ದಾರ ಕಟ್ಟಿ ಇಬ್ಬರ ತಲೆ ನಡುವೆ ಇಡಬೇಕು. ಹೆಣ್ಣಿನ ಬಟ್ಟಲು ಹೆಣ್ಣು ಮುಟ್ಟಿದ್ದೇ ಆಗಿರಬೇಕು."

ಶೌಚಂಗ ಎದ್ದು ಒಳಗೆ ಹೋಗಿ ಆ ಬಟ್ಟಲು ತಂದ. ಅಜ್ಜಿ ಅದನ್ನು ಬೆಳಕಿಗೆ ಹಿಡಿದು ನೋಡಿ, ಗೆಣ್ಣಿನಿಂದ ತಟ್ಟಿದಳು. ಮಂಕಾದ ಸದ್ದು ಬಂತು.

"ಮೆರುಗು ಹಾಕ್ಸು. ಇದು ಬಟ್ಟೆ ಉಡದ ಮದುಮಗಳ ಹಾಗಿದೆ. ನೀರು ಹಾಕಿದ್ರೆ ಸೋರತ್ತೆ. ಕೌ ಮನೆ ಹೆಂಗಸು ಮಹಾ ಕಟ್ಟುನಿಟ್ಟು, ಇದನ್ನ ಕಂಡ್ರೆ ಸಂಬಂಧನೇ ಬೇಡ ಅಂತಾಳೆ."

ದಿನ ಗೊತ್ತಾಯಿತು. ಹತ್ತನೆಯ ತಿಂಗಳ ಮೊದಲ ದಿನ, ಸತ್ತವರಿಗೆ ಚಳಿಗಾಲದ ಬಟ್ಟೆ ಕಳಿಸುವ ದಿನ. ಬಟ್ಟಲಿನ ಅಳತೆಯನ್ನು ಶೌಚಂಗನೇ ಹೇಳಿ ಕಳಿಸಿದ. ಮೆರುಗು ಸುಟ್ಟ ಮೇಲೆ ಬಾಯಿ ಹತ್ತು ಬೆರಳಗಲ ಇರುತ್ತದೆ, ಗಂಡಿನ ಬಟ್ಟಲನ್ನೂ ಅಷ್ಟಕ್ಕೇ ಆರಿಸಿಕೊಳ್ಳಿ ಎಂದ. ನಲವತ್ತು ವರ್ಷ ಕೆತ್ತಿದವನ ಲೆಕ್ಕ. ಅದು ಕೂದಲೆಳೆಯಷ್ಟೂ ತಪ್ಪಲಿಲ್ಲ.

ಅದೇ ತಿಂಗಳು ಯಾವ್‌ಚೋ ಜಿಲ್ಲೆಯ ಸರ್ಕಾರಿ ಕಚೇರಿಯಿಂದ ರಾಜಧಾನಿಗೆ ಕಳಿಸಲು ಬಟ್ಟಲುಗಳ ಬೇಡಿಕೆ ಬಂತು. ಎಲ್ಲವೂ ಒಂದೇ ಸಮ ಇರಬೇಕು, ಒಂದರ ಹೂವಿಗೂ ಇನ್ನೊಂದರ ಹೂವಿಗೂ ವ್ಯತ್ಯಾಸ ಕಾಣಬಾರದು ಎಂದು ಬರೆದಿದ್ದರು. ಕತ್ತಿಯಿಂದ ಅದು ಆಗುವ ಮಾತಲ್ಲ. ಲೇಯಿ ಯಜಮಾನ ನನ್ನನ್ನು ಕರೆದುಕೊಂಡು ಕೆತ್ತನೆ ಚಪ್ಪರಕ್ಕೆ ಬಂದ.

"ಶೌಚಂಗ್, ನಿನ್ನ ಮಗಳ ಬಟ್ಟಲು ಕೊಡು. ಅಚ್ಚು ತೆಗೀಬೇಕು."

ಅವನು ಅದನ್ನೇ ಕೇಳಲು ಕಾರಣವಿತ್ತು. ಮೆರುಗು ಹಾಕಿದ ಬಟ್ಟಲಿನಿಂದ ಅಚ್ಚು ತೆಗೆದರೆ ಗೆರೆ ಮಂಕಾಗುತ್ತದೆ, ಏಕೆಂದರೆ ಗೆರೆಯ ಆಳವನ್ನು ಮೆರುಗೇ ತುಂಬಿಬಿಟ್ಟಿರುತ್ತದೆ. ಹಸಿ ಬಟ್ಟಲು ಒತ್ತಿದರೆ ಕುಸಿಯುತ್ತದೆ. ಒಮ್ಮೆ ಸುಟ್ಟು ಮೆರುಗು ಹಾಕದೆ ಬಿಟ್ಟದ್ದು ಬೇಕು. ಅಂಥ ಬಟ್ಟಲು ಎಷ್ಟೋ ಇದ್ದವು. ಅಷ್ಟು ಚೆನ್ನಾಗಿ ಕೆತ್ತಿದ್ದು ಅದೊಂದೇ ಇತ್ತು.

"ಅದು ಅವಳ ಮದುವೆಗೆ ಬೇಕು, ಯಜಮಾನರೇ."

"ಮದುವೆಗೆ ಮೆರುಗು ಬೇಕು ತಾನೇ? ಯಾವ ಆವಿಗೇಲಿ ಸುಡ್ತೀಯ? ನಿಮ್ಮನೆ ಒಲೇಲಾ? ಮೂರು ದಿನ ನನಗೆ ಕೊಡು. ಒಂಬತ್ತನೇ ತಿಂಗಳ ಸುಡುವಿಕೇಲಿ ಉರಿ ಸಮ ಬೀಳೋ ನಡುವಿನ ಸಾಲಲ್ಲಿ ಅದಕ್ಕೆ ಜಾಗ ಕೊಡ್ತೀನಿ. ಕಚೇರಿ ಬಟ್ಟಲುಗಳ ಪಕ್ಕದಲ್ಲೇ ಇಡು, ಸರಿಯಾ?"

ಚಪ್ಪರದಲ್ಲಿ ಕತ್ತಿಗಳ ಸದ್ದು ನಿಂತಿತ್ತು. ಅಚ್ಚು ಬಂದರೆ ಯಾರ ಯಾರ ಕತ್ತಿ ಮೂಲೆ ಸೇರುತ್ತದೆ ಎಂದು ಹನ್ನೊಂದು ಜನರಿಗೂ ಗೊತ್ತಿತ್ತು. ಒಬ್ಬ ಮಾತ್ರ ತಲೆಯೆತ್ತದೆ, "ಕೊಡ್ಬೇಡ ಶೌಚಂಗಣ್ಣಾ," ಅಂದ. ಶೌಚಂಗ ತನ್ನ ಅಂಗೈ ನೋಡಿಕೊಂಡ. ಆಮೇಲೆ, "ನಡುವಿನ ಸಾಲು ತಾನೇ?" ಎಂದು ಕೇಳಿದ.

ಬಟ್ಟಲು ನನ್ನ ಕೈಗೆ ಬಂತು.

ಮೂರು ದಿನ ಎಂದದ್ದು ಐವತ್ತು ದಿನ ದಾಟಿತು. ಅದು ಹೇಗಾಯಿತೆಂದು ನಾನು ಸರಿಯಾಗಿ ಹೇಳಬೇಕು. ಹುವಾಂಗ್‌ಬಾವ್‌ನಲ್ಲಿ ಅಚ್ಚಿನ ಮಣ್ಣು ಅಂಟದಿರಲು ಜರಡಿ ಹಿಡಿದ ಬೂದಿ ಉದುರಿಸುತ್ತಾರೆ. ನಾನೂ ಮೊದಲು ಬೂದಿಯನ್ನೇ ಹಾಕಿ ಮಣ್ಣಿನ ಮುದ್ದೆ ಒತ್ತಿದೆ. ಎಡಗೈಯ ಆ ಗೆರೆಗಳು ಒಳಕ್ಕೆ ಕೊರೆದುಕೊಂಡಿದ್ದವು. ಗಂಟಿನ ಹತ್ತಿರ ಮುದ್ದೆ ಕಚ್ಚಿಕೊಂಡಿತು. ಎಳೆದರೆ ಬಟ್ಟಲೇ ಸೀಳಬಹುದಿತ್ತು. ಎರಡು ದಿನ ಕುಳಿತು ಮುದ್ದೆಯನ್ನು ಬಿದಿರುಕಡ್ಡಿಯಿಂದ ಚೂರುಚೂರಾಗಿ ಕೆದಕಿ ತೆಗೆದೆ. ಎರಡನೆಯ ಸಲ ನನಗೆ ಹೆದರಿಕೆಯಾಯಿತು. ನಮ್ಮೂರಿನ ಪದ್ಧತಿಯಂತೆ ಎಳ್ಳೆಣ್ಣೆಯನ್ನು ಬಟ್ಟೆಯ ತುದಿಗೆ ಹಚ್ಚಿ ಒಳಗೆಲ್ಲ ಸವರಿದೆ. ಮುದ್ದೆ ಒಣಗಿ ತಾನಾಗಿ ಬಿಟ್ಟುಕೊಂಡಿತು. ಬಟ್ಟಲಿಗೆ ಒಂದು ಗೀರೂ ಆಗಲಿಲ್ಲ. ಆಮೇಲೆ ಬಿಸಿನೀರು, ಬೂದಿನೀರು ಎರಡರಲ್ಲೂ ತೊಳೆದಿಟ್ಟೆ.

ಅಚ್ಚು ಸುಟ್ಟು, ಒತ್ತಿದ ಬಟ್ಟಲುಗಳು ಒಣಗಿ, ಅವುಗಳ ಮೊದಲ ಸುಡುವಿಕೆ ಮುಗಿಯುವ ತನಕ ಯಜಮಾನ ಮೂಲವನ್ನು ಬಿಡಲಿಲ್ಲ. ಅಚ್ಚು ಒಡೆದರೆ ಇನ್ನೊಂದು ತೆಗೆಯಬೇಕಲ್ಲ ಎಂಬುದು ಅವನ ಮಾತು. ಶೌಚಂಗ ದಿನಾ ಸಂಜೆ ಬಂದು ಬಾಗಿಲಲ್ಲಿ ನಿಂತು ಕೇಳುತ್ತಿದ್ದ. ನಾನು ತಲೆ ಅಲ್ಲಾಡಿಸುತ್ತಿದ್ದೆ. ಕೊನೆಗೆ ಒಂಬತ್ತನೆಯ ತಿಂಗಳ ಹದಿನಾಲ್ಕರಂದು ಯಜಮಾನ ಬಟ್ಟಲನ್ನು ವಾಪಸ್ ಒಯ್ಯಲು ನನಗೆ ಹೇಳಿದ. ಮೆರುಗಿನ ಆವಿಗೆ ಹತ್ತಿಸುವುದು ಹದಿನೇಳಕ್ಕೆ.

ನಾನು ಹೋದಾಗ ಶೌಚಂಗ ಮನೆಯಲ್ಲಿರಲಿಲ್ಲ. ಹುಯಿ ಎರಡೂ ಕೈ ಒರೆಸಿಕೊಂಡು ಬಟ್ಟಲು ತೆಗೆದುಕೊಂಡಳು.

"ಏನೂ ಆಗಿಲ್ಲ ತಾನೇ?"

"ಏನೂ ಆಗಿಲ್ಲ ಅತ್ತಿಗೆ. ನೋಡಿ, ಗಂಟು ಹಾಗೇ ಇದೆ."

"ನೀರು ನಿಲ್ಲತ್ತಾ ಇದ್ರಲ್ಲಿ?"

"ಮೆರುಗು ಹಾಕಿ ಸುಟ್ಮೇಲೆ ನಿಲ್ಲತ್ತೆ."

ಎಣ್ಣೆಯ ಮಾತು ನನ್ನ ಬಾಯಿಗೆ ಬರಲಿಲ್ಲ. ಮರೆತೆನೆಂದು ಹೇಳಿದರೆ ಸುಳ್ಳಾಗುತ್ತದೆ. ಹೇಳಬೇಕಾದ ಮಾತೆಂದು ಅನ್ನಿಸಲೇ ಇಲ್ಲ. ಚೂಯಾಂಗ್‌ನಲ್ಲಿ ಅಚ್ಚಿನ ಮನೆಯಿಂದ ಬಂದ ಯಾವ ಬಟ್ಟಲನ್ನೂ ಮತ್ತೊಮ್ಮೆ ಸುಡದೆ ಮೆರುಗಿಗೆ ಇಳಿಸುವುದಿಲ್ಲ. ಬೆಂಕಿಗೆ ಎಣ್ಣೆ ಉರಿದುಹೋಗುತ್ತದೆ. ಇದನ್ನು ಅಲ್ಲಿ ಯಾರೂ ಯಾರಿಗೂ ಹೇಳುವುದಿಲ್ಲ, ಎಲ್ಲರಿಗೂ ಗೊತ್ತು. ಹುವಾಂಗ್‌ಬಾವ್‌ನಲ್ಲಿ ಅಚ್ಚಿನ ಮನೆಯಿಂದ ಬಂದದ್ದನ್ನು ಬೂದಿ ಊದಿ ಹಾಗೇ ಮೆರುಗಿಗೆ ಇಳಿಸುತ್ತಾರೆ. ಇದನ್ನೂ ಇಲ್ಲಿ ಯಾರೂ ಹೇಳುವುದಿಲ್ಲ. ಆರು ವರ್ಷ ಇದ್ದ ನನಗೆ ಎರಡೂ ಗೊತ್ತಿದ್ದವು.

ಹದಿನಾರರ ಬೆಳಿಗ್ಗೆ ಮೆರುಗಿನ ಚಪ್ಪರದಲ್ಲಿ ಆ ಬಟ್ಟಲು ಹಲಗೆಯ ಮೇಲೆ ಒಣಗುತ್ತಿದ್ದದ್ದನ್ನು ಕಂಡೆ. ಮೆರುಗಿನ ಲೇಪದಲ್ಲಿ, ಕಮಲದ ಸುತ್ತ ಕೂದಲಿನಂಥ ಬಿರುಕುಗಳಿದ್ದವು. ಶೌಚಂಗ ಬೆರಳಿಂದ ಅವನ್ನು ಉಜ್ಜಿ ಮುಚ್ಚುತ್ತಿದ್ದ. ಲೇಪ ದಪ್ಪವಾದಾಗ ಹಾಗಾಗುವುದುಂಟು, ಎಲ್ಲರೂ ಹಾಗೇ ಉಜ್ಜುತ್ತಾರೆ. ಹದಿನಾಲ್ಕರಿಂದ ಹದಿನಾರರವರೆಗೆ ಮೊದಲ ಸುಡುವಿಕೆಯ ಸಣ್ಣ ಆವಿಗೆ ಹೊತ್ತಿಸಿರಲೇ ಇಲ್ಲ. ಅದರ ಮುಂದೆಯೇ ನಾನು ದಿನಾ ನಡೆದು ಹೋಗುತ್ತಿದ್ದೆ.

"ಚೆನ್ನಾಗಿ ಕೂತಿದೆಯಾ ಅಣ್ಣಾ?" ಎಂದು ಕೇಳಿದೆ.

"ಕೂತಿದೆ. ಸ್ವಲ್ಪ ಮೊಂಡು. ಅವಳ ಹಾಗೇ," ಅಂದ. ವಸಂತದ ನಂತರ ಅವನು ನಕ್ಕದ್ದನ್ನು ನಾನು ಕಂಡದ್ದು ಆಗಲೇ.

ಆವಿಗೆ ಮೂರು ದಿನ ಉರಿಯಿತು, ಮೂರು ದಿನ ಆರಿತು. ಇಪ್ಪತ್ತಮೂರರಂದು ಬಾಗಿಲ ಇಟ್ಟಿಗೆ ಬಿಚ್ಚಿದರು. ಮೊದಲು ಕಚೇರಿಯ ಬಟ್ಟಲುಗಳು ಬಂದವು. ಒಂದೊಂದನ್ನೂ ಬೂದಿ ತಾಗದಂತೆ ಮುಚ್ಚಿಟ್ಟ ಅದರ ಮಣ್ಣಿನ ಡಬ್ಬಿಯಿಂದ ತೆಗೆದು ಸಾಲಾಗಿ ಇಟ್ಟರು. ಮೂರು ದಂಟಿನ ಕಮಲ, ಮೂರು ದಂಟಿನ ಕಮಲ, ಮೂರು ದಂಟಿನ ಕಮಲ. ಎಲ್ಲದರಲ್ಲೂ ಗಂಟಿನ ಕುಣಿಕೆ ಬಲಕ್ಕೇ ಬಿದ್ದಿತ್ತು. ಹಸಿರು ಒಂದರಲ್ಲೂ ಕೆಟ್ಟಿರಲಿಲ್ಲ. ಲೇಯಿ ಯಜಮಾನ ನನ್ನ ಬೆನ್ನು ತಟ್ಟಿದ.

ನಡುವಿನ ಸಾಲಿನ ಆ ಡಬ್ಬಿಯನ್ನು ಶೌಚಂಗನೇ ತೆರೆದ. ಮುಚ್ಚಳ ತೆಗೆದು, ಒಳಗೆ ನೋಡಿ, ಮತ್ತೆ ಮುಚ್ಚಳ ಇಟ್ಟ. ಆಮೇಲೆ ಮತ್ತೆ ತೆಗೆದ.

ಬಟ್ಟಲಿನ ಸುತ್ತ, ಅಂಚು, ಹೊರಮೈ ಎಲ್ಲವೂ ಹಸಿರಾಗಿ ಹೊಳೆಯುತ್ತಿದ್ದವು. ಕೆತ್ತಿದ ಗೆರೆಗಳಲ್ಲಿ ಮಾತ್ರ ಮೆರುಗು ನಿಂತಿರಲಿಲ್ಲ. ಎಷ್ಟು ತೊಳೆದರೂ ಎಣ್ಣೆ ಉಳಿದದ್ದು ಅಲ್ಲೇ. ಬೆಂಕಿಯಲ್ಲಿ ಮೆರುಗು ಅಲ್ಲಿಂದ ಹಿಂದೆ ಸರಿದು ದಂಡೆ ಕಟ್ಟಿತ್ತು. ಹೂ, ಎಲೆ, ಕಾಯಿ, ಗಂಟು ನಾಲ್ಕೂ ಬರಿಮಣ್ಣಾಗಿ, ಒಣಶುಂಠಿಯ ಬಣ್ಣಕ್ಕೆ ಸುಟ್ಟುಕೊಂಡಿದ್ದವು.

ಅವನು ಅದನ್ನು ಹಿಡಿದುಕೊಂಡು ನನ್ನ ಹತ್ತಿರ ಬಂದ.

"ಏನು ಹಚ್ಚಿದ್ದೆ?"

"ಎಳ್ಳೆಣ್ಣೆ."

"ನಾವು ಬೂದಿ ಹಾಕ್ತೀವಿ."

"ಗೊತ್ತು ಅಣ್ಣಾ. ಬೂದಿಗೆ ಕಚ್ಕೊಳ್ತು. ಎಲ್ಲಿ ಒಡೆದುಹೋಗತ್ತೋ ಅಂತ..."

"ಹೇಳ್ಬಹುದಿತ್ತು."

"ನಮ್ಮೂರಲ್ಲಿ ಇನ್ನೊಂದ್ಸಲ ಸುಡ್ತಾರೆ. ನೀನೂ ಸುಡ್ತೀಯ ಅಂದ್ಕೊಂಡೆ."

"ನಿಮ್ಮೂರು," ಅಂದ. ಬಟ್ಟಲು ಹಿಡಿದುಕೊಂಡು ಹೊರಟುಹೋದ. ಅವನು ಬೈದಿದ್ದರೆ, ಹೊಡೆದಿದ್ದರೆ ನಾನು ಇಷ್ಟು ವಿವರವಾಗಿ ಇದನ್ನು ನೆನಪಿಡುತ್ತಿರಲಿಲ್ಲವೇನೋ.

ಮೆರುಗು ಬಿಟ್ಟ ಜಾಗಕ್ಕೆ ಮತ್ತೆ ಹಚ್ಚಿ ಸುಡಬಹುದು, ಅರ್ಧಕ್ಕರ್ಧ ಸರಿಹೋಗುತ್ತದೆ. ಆದರೆ ಮುಂದಿನ ಸುಡುವಿಕೆ ಹತ್ತನೆಯ ತಿಂಗಳ ನಡುವಿಗೆ. ದಿನ ಮುಂದೂಡಿ ಎಂದು ಸೂನ್ ಅಜ್ಜಿಯನ್ನು ಕೇಳಿದ್ದಕ್ಕೆ, ಈ ವರ್ಷ ಬೇರೆ ದಿನವಿಲ್ಲ, ಕೌ ಮನೆಯವರಿಗೆ ಕೆಳಕೇರಿಯಿಂದ ಇನ್ನೊಂದು ಸಂಬಂಧ ಬಂದಿದೆ, ಆ ಹುಡುಗಿ ಮಳೆಗಾಲದಲ್ಲಿ ಹೋದವಳು ಎಂದಳು.

ಹತ್ತನೆಯ ತಿಂಗಳ ಮೊದಲ ದಿನ ಬೆಳಿಗ್ಗೆ ವೂನ್ಯಾಂಗಳನ್ನು ಇಟ್ಟಿಗೆಗಳ ಕೆಳಗಿಂದ ತೆಗೆದು ಹೊಸ ಪೆಟ್ಟಿಗೆಗೆ ಹಾಕಿದರು. ಹೊರಲು ನಾಲ್ವರು ಬೇಕಿತ್ತು. ನಾಲ್ಕನೆಯವನಾಗಿ ನಾನು ಹೆಗಲು ಕೊಟ್ಟೆ. ಶೌಚಂಗ ಬೇಡವೆನ್ನಲಿಲ್ಲ. ಚಿ ಹೊಳೆಯ ದಂಡೆ ಹಿಡಿದು ಮೇಲೂರಿಗೆ ನಡೆದೆವು. ಪೆಟ್ಟಿಗೆ ಹಗುರವಾಗಿತ್ತು.

ಕೌ ಮನೆಯ ಸ್ಮಶಾನದಲ್ಲಿ ಗುಂಡಿ ತೋಡಿ ಎರಡು ಪೀಠ ಎದುರುಬದುರು ಇಟ್ಟಿದ್ದರು. ಪೀಠಗಳ ಹಿಂದೆ ಮೊಳದುದ್ದದ ಎರಡು ಕಾಗದದ ಬಾವುಟ. ಹೆಂಡ ಎರೆದಾಗ ಎರಡೂ ಅಲುಗಿದರೆ ಗಂಡು ಹೆಣ್ಣು ಒಪ್ಪಿದರೆಂದು ಅರ್ಥ. ಗಂಡಿನ ತಾಯಿ, ಒಣಗಿದ ಮೈಯ ಎತ್ತರದ ಹೆಂಗಸು, ಹತ್ತು ಬೆರಳಗಲದ ಹಸಿರು ಬಟ್ಟಲಿನಲ್ಲಿ ಕಾಳು ತುಂಬಿಕೊಂಡು ನಿಂತಿದ್ದಳು.

"ಹೆಣ್ಣಿನ ಬಟ್ಟಲು ಎಲ್ಲಿ?"

ಹುಯಿ ಬುಟ್ಟಿಯಿಂದ ಒಂದು ಬಟ್ಟಲು ತೆಗೆದು ಕೊಟ್ಟಳು. ಮೂರು ದಂಟಿನ ಕಮಲ, ಕುಣಿಕೆ ಬಲಕ್ಕೆ, ತುಂಬು ಮೆರುಗು. ನನಗೆ ನೋಡಿದ ಕೂಡಲೇ ತಿಳಿಯಿತು. ಅದು ನನ್ನ ಅಚ್ಚಿನದು. ಕಚೇರಿಯ ಸಾಲಿನಿಂದ ಅವಳು ಅದನ್ನು ಹೇಗೆ ತಂದಳೋ ನಾನು ಕೇಳಿಲ್ಲ. ಶೌಚಂಗ ಹೆಂಡತಿಯ ಕಡೆ ನೋಡಿ, ಬೇರೆ ಕಡೆ ತಿರುಗಿದ.

"ಚೆಂದ ಇದೆ. ಅವಳೇ ಮಾಡಿದ್ದಾ?"

"ಅವಳದೇ ಹೂವು," ಅಂದಳು ಹುಯಿ.

ಕೌ ಹೆಂಗಸು ಅದನ್ನು ಮಗುಚಿ ತನ್ನ ಬಟ್ಟಲಿನ ಬಾಯಿಗೆ ಇಟ್ಟಳು. ಅದು ಜಾರಿ ಒಳಗೆ ಬಿದ್ದು ಕಾಳಿನಲ್ಲಿ ಹುದುಗಿತು.

ಬೀಳಲೇಬೇಕಿತ್ತು. ಮಣ್ಣು ಒಣಗುವಾಗ ಕುಗ್ಗುತ್ತದೆ, ಸುಡುವಾಗ ಇನ್ನೂ ಕುಗ್ಗುತ್ತದೆ. ಮೂಲಕ್ಕಿಂತ ಅಚ್ಚು ಚಿಕ್ಕದು, ಅಚ್ಚಿಗಿಂತ ಅಚ್ಚಿನ ಬಟ್ಟಲು ಚಿಕ್ಕದು. ಅದರ ಬಾಯಿ ಒಂಬತ್ತು ಬೆರಳಗಲಕ್ಕೂ ಕಡಿಮೆ.

"ಇದೇನು ಸೂನಜ್ಜೀ, ಅಳತೆ ಹೇಳಿ ಕಳಿಸಿದ್ದೇ ಇವರು! ಹೆಣ್ಣು ಬೇರೆ ತಂದಿದಾರಾ ಅಥವಾ ಬಟ್ಟಲು ಬೇರೆ ತಂದಿದಾರಾ?"

ಅಜ್ಜಿಗೆ ಅವತ್ತು ತಮಾಷೆ ಹೊಳೆಯಲಿಲ್ಲ. ಪೆಟ್ಟಿಗೆಯನ್ನು ಇನ್ನೂ ಇಳಿಸಿರಲಿಲ್ಲ. ನನ್ನ ಹೆಗಲ ಮೇಲೆಯೇ ಇತ್ತು. ಇಲ್ಲಿಂದ ತಿರುಗಿ ಹೊತ್ತುಕೊಂಡು ಹೋಗಬೇಕಾದರೆ ಇಟ್ಟಿಗೆಗಳ ಜಾಗವೂ ಈಗ ಉಳಿದಿರಲಿಲ್ಲ. ಆ ಬೆಳಿಗ್ಗೆಯೇ ಅಲ್ಲಿ ಚೂರು ಸುರಿದಿದ್ದರು.

ಶೌಚಂಗ ಅಂಗಿಯೊಳಗೆ ಕೈ ಹಾಕಿ ಕೆಟ್ಟ ಬಟ್ಟಲನ್ನು ತೆಗೆದ. ಹೆಂಡತಿಗೂ ಗೊತ್ತಿಲ್ಲದೆ ತಂದಿದ್ದ. ಕೌ ಹೆಂಗಸಿನ ಕೈಗೆ ಕೊಟ್ಟ. ಅವಳು ಮಗುಚಿ ಇಟ್ಟಳು. ಬಾಯಿಗೆ ಬಾಯಿ ಕೂಡಿತು. ಅಂಚಿನಲ್ಲಿ ಉಗುರು ತೂರಲೂ ಸಂದು ಇರಲಿಲ್ಲ. ಆಮೇಲೆ ಅವಳು ಅದನ್ನು ಎತ್ತಿ ಒಳಗೆ ನೋಡಿದಳು.

"ಹೂವಿಗೆ ಮೆರುಗೇ ಇಲ್ಲ."

"ಇಲ್ಲ," ಅಂದ ಶೌಚಂಗ. "ಕೆಟ್ಟೋಯ್ತು. ಅವಳು ಮುಟ್ಟಿದ್ದು ಇದೇ. ಅದಲ್ಲ."

"ಬಟ್ಟೆ ಇಲ್ಲದೆ ಕಳಿಸ್ತಾ ಇದೀರ ಮಗಳನ್ನ."

ಅದಕ್ಕೆ ಉತ್ತರ ಹೇಳಬೇಕಾದವನು ನಾನು. ನಾನು ಹೆಗಲ ಮೇಲಿನ ಪೆಟ್ಟಿಗೆ ಸರಿಪಡಿಸಿಕೊಂಡೆ. ಹೆಂಗಸು ಬಟ್ಟಲಿನೊಳಗಿನ ಬರಿಮಣ್ಣಿನ ಕಮಲದ ಮೇಲೆ ಹೆಬ್ಬೆರಳು ಆಡಿಸಿದಳು. ಗಂಟಿನ ಹತ್ತಿರ ಬೆರಳು ನಿಂತಿತು.

"ನಮ್ಮವನನ್ನ ಗಣಿಯಿಂದ ತೆಗೆದಾಗ ಅವನ ಮೈ ಮೇಲೂ ಒಂದು ನೂಲಿರ್ಲಿಲ್ಲ," ಅಂದಳು. ದನಿಯಲ್ಲಿ ಮರುಕ ಇರಲಿಲ್ಲ. "ಮುಚ್ಚಿ. ಯಾರೂ ನೋಡೋದು ಬೇಡ. ದಾರ ಕೊಡಜ್ಜೀ."

ಹೆಂಡ ಎರೆದರು. ಗಾಳಿ ಇರಲಿಲ್ಲ. ಬಾವುಟಗಳು ನೆಟ್ಟಗೆ ಜೋತುಬಿದ್ದಿದ್ದವು. ಸೂನ್ ಅಜ್ಜಿ ಅಗಲ ತೋಳಿನ ಅಂಗಿಯಲ್ಲಿ ಅವುಗಳ ಹಿಂದೆ ಒಮ್ಮೆ ಸರಸರ ನಡೆದು ಹೋದಳು. ಎರಡೂ ಅಲುಗಿದವು. "ಒಪ್ಪಿದ್ರು," ಅಂದಳು. ಮಣ್ಣು ಮುಚ್ಚಿದರು. ಅಚ್ಚಿನ ಬಟ್ಟಲನ್ನು ಹುಯಿ ಅಂಗಿಯ ತುದಿಯಿಂದ ಕಾಳು ಒರೆಸಿ ನನಗೆ ಕೊಟ್ಟಳು. ಸಾಲಿನಲ್ಲಿ ವಾಪಸ್ ಇಟ್ಟೆ. ಅದು ಉಳಿದವುಗಳ ಜೊತೆ ರಾಜಧಾನಿಗೆ ಹೋಯಿತು.

ಇದಾಗಿ ಒಂಬತ್ತು ವರ್ಷ. ಕೆತ್ತನೆ ಚಪ್ಪರದಲ್ಲಿ ಈಗ ನಾಲ್ವರಿದ್ದಾರೆ, ಶೌಚಂಗ ಅವರಲ್ಲೊಬ್ಬ. ಮೊದಲ ಅಚ್ಚು ಸವೆದಾಗ, ಅದರಿಂದ ಒತ್ತಿದ ಬಟ್ಟಲಿನಿಂದಲೇ ಇನ್ನೊಂದು ಅಚ್ಚು ತೆಗೆ ಎಂದ ಯಜಮಾನ. ಹೊಸದಾಗಿ ಕೆತ್ತಿ ಕೊಡ್ತೀಯಾ ಎಂದು ನಾನು ಶೌಚಂಗನನ್ನು ಕೇಳಿದೆ. "ನಂದು ಬಲಗೈ," ಅಂದ. ಹಾಗಾಗಿ ಅಚ್ಚಿನಿಂದ ಬಟ್ಟಲು, ಬಟ್ಟಲಿನಿಂದ ಅಚ್ಚು ನಡೆದಿದೆ. ಎರಡನೆಯ ಅಚ್ಚಿನ ಬಟ್ಟಲು ಏಳೂವರೆ ಬೆರಳಗಲ ಬಂತು. ಮೂರನೆಯದು ಹೋದ ತಿಂಗಳು ಬಂತು. ಜನ ಅದನ್ನು ಊಟಕ್ಕೆ ನಂಜಿಕೊಳ್ಳುವ ಹುಳಿನೀರಿನ ಪುಟ್ಟ ಬಟ್ಟಲಾಗಿ ಕೊಳ್ಳುತ್ತಾರೆ. ಆವಿಗೆ ತೆರೆದ ದಿನ ಶೌಚಂಗ ಬಂದು, ಒಂದನ್ನು ಎತ್ತಿ, ಬಾಯಿಯ ಮೇಲೆ ಬೆರಳುಗಳನ್ನು ಸಾಲಾಗಿ ಇಟ್ಟು ಎಣಿಸಿದ.

"ಆರು," ಅಂದ. ಕೆಳಗಿಟ್ಟು ಹೋದ.

ಗಂಟು ಈಗ ಎಳ್ಳುಕಾಳಿನಷ್ಟು ತಗ್ಗು, ಅಷ್ಟೇ. ಕುಣಿಕೆ ಯಾವ ಕಡೆಗಿದೆ ಎಂದು ಗೊತ್ತಿದ್ದವರಿಗೆ ಮಾತ್ರ ಗೊತ್ತು. ಅಚ್ಚು ತೆಗೆಯುವಾಗ ನಾನು ಬೂದಿಯನ್ನೇ ಉದುರಿಸುತ್ತೇನೆ. ಮುದ್ದೆ ಸಲೀಸಾಗಿ ಬಿಟ್ಟುಕೊಳ್ಳುತ್ತದೆ. ಕಚ್ಚಿ ಹಿಡಿಯುವಷ್ಟು ಆಳ ಆ ಗೆರೆಗಳಲ್ಲಿ ಉಳಿದಿಲ್ಲ.